ಕಾಸು ಕೊಟ್ಟು ಬಂದ ಅತಿಥಿ: ಕಾರವಾರ–ಅಂಕೋಲಾ ಕರಾವಳಿಯಿಂದ ಕಂಡ ಐಷಾರಾಮಿ ಕಿರುಹೋಟೆಲು

ಕನ್ನಡದಲ್ಲಿ ಹೋಟೆಲು ಎಂದರೆ ಮೊದಲು ನೆನಪಾಗುವುದು ಇಡ್ಲಿ, ವಡೆ, ಕಾಫಿ; ರಾತ್ರಿ ಉಳಿಯುವ ಜಾಗಕ್ಕೆ ಜನ ಬಳಸುವ ಮಾತು ಲಾಡ್ಜು. ಉಣ್ಣುವ ಜಾಗ ಮತ್ತು ಮಲಗುವ ಜಾಗ ಬೇರೆಬೇರೆಯಾಗಿಯೇ ಬೆಳೆದ ಈ ನಾಡಿಗೆ, ಎರಡನ್ನೂ ಒಂದೇ ಸೂರಿನಡಿ ತಂದು, ಅದರ ಮೇಲೆ ‘ಅನುಭವ’ ಎಂಬ ಮೂರನೆಯ ಸರಕನ್ನೂ ಸೇರಿಸಿ ಮಾರುವ ಬುಟಿಕ್ ಹೋಟೆಲು ತಡವಾಗಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಬುಟಿಕ್ ಎಂದರೆ ಫ್ರೆಂಚಿನಲ್ಲಿ ಸಣ್ಣ ಅಂಗಡಿ. 1984ರಲ್ಲಿ ನ್ಯೂಯಾರ್ಕಿನಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್ ತೆರೆದ ಮಾರ್ಗನ್ಸ್ ಹೋಟೆಲನ್ನು ವರ್ಣಿಸುವಾಗ ಈ ಶಬ್ದ ಹೋಟೆಲಿಗೆ ಅಂಟಿಕೊಂಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ದೊಡ್ಡ ಸರಪಳಿ ಹೋಟೆಲುಗಳು ಎಲ್ಲ ಸರಕನ್ನೂ ಇಡುವ ಭಾರಿ ಮಳಿಗೆಗಳಾದರೆ ಇದು ಆಯ್ದ ಸರಕಿನ ಪುಟ್ಟ ಅಂಗಡಿ ಎಂಬುದು ಹೋಲಿಕೆಯ ತಾತ್ಪರ್ಯ. ಅಂದಿನಿಂದ ಈ ಹೆಸರು ಕೊಠಡಿಗಳ ಸಂಖ್ಯೆ ಕಡಿಮೆಯಿರುವ, ಕಟ್ಟಡಕ್ಕೂ ಊಟಕ್ಕೂ ತನ್ನದೇ ಒಂದು ಗುರುತು ಇರುವ, ಬಂದವರನ್ನು ಕೊಠಡಿಯ ಅಂಕಿಯಿಂದ ಕರೆಯದೆ ಹೆಸರಿನಿಂದ ಕರೆಯುವ ತಂಗುಮನೆಗಳಿಗೆಲ್ಲ ಸಲ್ಲುತ್ತಿದೆ. ತಾರೆಗಳ ಹಾಗೆ ಅಳೆದು ಕೊಡುವ ದರ್ಜೆ ಇದಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ತಾರಾ ವರ್ಗೀಕರಣಕ್ಕೆ ಕನಿಷ್ಠ 10 ಕೊಠಡಿ ಬೇಕಾದ್ದರಿಂದ, ಆರೇಳು ಕೊಠಡಿಗಳ ಅತಿ ದುಬಾರಿ ಮನೆಯೊಂದು ಒಂದು ತಾರೆಯೂ ಇಲ್ಲದೆ ಉಳಿಯಬಹುದು. ಐಷಾರಾಮಕ್ಕೆ ಸರ್ಕಾರ ಎಳೆದ ಗೆರೆ ಕಾಣುವುದು ತೆರಿಗೆಯ ಲೆಕ್ಕದಲ್ಲಿ: ರಾತ್ರಿಯೊಂದಕ್ಕೆ 7,500 ರೂಪಾಯಿ ದಾಟಿದ ಕೊಠಡಿಗೆ ಶೇ 18ರ ಜಿಎಸ್‌ಟಿ.

ಇಂಥ ಮನೆಯಲ್ಲಿ ಅತಿಥಿಗೆ ಆಗುವ ಅನುಭವವನ್ನು ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗೆ ವಾಣಿಜ್ಯಶಾಸ್ತ್ರದಲ್ಲಿ ಎರಡು ಹಳೆಯ ಉತ್ತರಗಳಿವೆ. ರಿಚರ್ಡ್ ಆಲಿವರ್ 1980ರಲ್ಲಿ ಮಂಡಿಸಿದ ವಾದದ ಪ್ರಕಾರ ತೃಪ್ತಿಯೆಂಬುದು ನಿರೀಕ್ಷೆಗೂ ದೊರೆತದ್ದಕ್ಕೂ ನಡುವಿನ ಅಂತರ. ಆದ್ದರಿಂದ ಐನೂರು ರೂಪಾಯಿಯ ಲಾಡ್ಜಿನಲ್ಲಿ ಬಿಸಿನೀರು ಬಂದರೆ ಆಗುವ ಸಂತೋಷ, ಹದಿನೈದು ಸಾವಿರದ ಕೊಠಡಿಯಲ್ಲಿ ಅದೇ ನೀರು ಬಂದಾಗ ಆಗುವುದಿಲ್ಲ, ಬಾರದಿದ್ದಾಗ ಮಾತ್ರ ಕೋಪ ಬರುತ್ತದೆ. ಇದೇ ದಶಕದಲ್ಲಿ ಪರಶುರಾಮನ್, ಝೀಥಮಲ್, ಬೆರಿ ಎಂಬ ಮೂವರು ಸೇವೆಯ ಗುಣವನ್ನು ಐದು ಮುಖಗಳಲ್ಲಿ ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು: ಕಣ್ಣಿಗೆ ಕಾಣುವ ಸೌಕರ್ಯ, ಹೇಳಿದಂತೆ ನಡೆಯುವ ಭರವಸೆ, ಕೇಳಿದೊಡನೆ ಓಗೊಡುವ ಚುರುಕು, ನಂಬಿಕೆ ಹುಟ್ಟಿಸುವ ತಿಳಿವಳಿಕೆ, ಮತ್ತು ಎದುರಿನವರ ಮನಸ್ಸನ್ನು ಅರಿಯುವ ಕಾಳಜಿ. ಜಗತ್ತಿನ ಹೋಟೆಲುಗಳು ಅತಿಥಿಯ ಕೈಗೆ ಕೊಡುವ ಅಭಿಪ್ರಾಯ ಪತ್ರಗಳಲ್ಲಿ ಬಹುಪಾಲು ಈ ಐದರ ಮರಿಗಳೇ. ಹಾಸಿಗೆ, ನಲ್ಲಿ, ನೆಲದ ಹೊಳಪುಗಳನ್ನು ಈ ಅಳತೆಗೋಲು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಕಿರುಹೋಟೆಲು ಮಾರುವುದು ಮುಖ್ಯವಾಗಿ ಕೊನೆಯ ಮುಖವನ್ನು. ಅದಕ್ಕೆ ಅಂಕ ಕೊಡುವುದು ಕಷ್ಟ.

ಕೊಠಡಿ ಕಡಿಮೆಯಿದ್ದಷ್ಟೂ ತಲೆಗೆ ಬೀಳುವ ಗಮನ ಹೆಚ್ಚು ಎಂಬುದು ಈ ವ್ಯಾಪಾರದ ಮೂಲ ಲೆಕ್ಕ. ಬರುವ ಮೊದಲೇ ಫೋನಿನಲ್ಲಿ ಊಟ ಸಸ್ಯಾಹಾರವೇ, ಮಂಡಿನೋವು ಇದ್ದರೆ ಮೆಟ್ಟಿಲಿಲ್ಲದ ಕೊಠಡಿ ಬೇಕೇ ಎಂದೆಲ್ಲ ಕೇಳಿ ಬರೆದಿಟ್ಟುಕೊಳ್ಳುವುದು, ಎರಡನೆಯ ಸಲ ಬಂದಾಗ ಹಿಂದಿನ ಸಲ ಸಕ್ಕರೆಯಿಲ್ಲದ ಚಹಾ ಕೇಳಿದ್ದನ್ನು ನೆನಪಿಟ್ಟು ತರುವುದು, ಇವೆಲ್ಲ ಪದ್ಧತಿಯಾಗಿ ಕಲಿಸಬಹುದಾದ ಕೆಲಸಗಳು. ಕಲಿಸಲಾಗದ್ದು ಇನ್ನೊಂದಿದೆ: ಎದುರಿಗೆ ನಿಂತ ಕೆಲಸಗಾರ ಆ ಕ್ಷಣದಲ್ಲಿ ತಾನೇ ನಿರ್ಧರಿಸಿ ಏನಾದರೂ ಮಾಡಬಲ್ಲನೇ ಅಥವಾ ‘ಮ್ಯಾನೇಜರನ್ನು ಕೇಳಿ ಹೇಳ್ತೇನೆ’ ಎನ್ನಬೇಕೇ ಎಂಬುದು. ರಿಟ್ಜ್–ಕಾರ್ಲ್ಟನ್ ಸಂಸ್ಥೆ ಅತಿಥಿಯೊಬ್ಬರ ತೊಂದರೆ ಬಗೆಹರಿಸಲು ಯಾವ ನೌಕರನೂ ಮೇಲಿನವರನ್ನು ಕೇಳದೆ 2,000 ಡಾಲರಿನವರೆಗೆ ಖರ್ಚು ಮಾಡಬಹುದೆಂಬ ನಿಯಮವಿಟ್ಟು ಹೆಸರಾಯಿತು. ಆ ಹಣವನ್ನು ನೌಕರರು ಖರ್ಚು ಮಾಡುವುದು ಅಪರೂಪವಾದರೂ, ಮಾಡಬಹುದೆಂಬ ಅಧಿಕಾರವೇ ಅವರನ್ನು ಆಳಿನಿಂದ ಆತಿಥೇಯನ ಸ್ಥಾನಕ್ಕೆ ಏರಿಸುತ್ತದೆ. ಅತಿಥಿಯ ಅನುಭವದ ಕುರಿತ ಬರವಣಿಗೆಯೆಲ್ಲ ಅಲಂಕಾರ, ನೋಟ, ಈಜುಕೊಳಗಳ ಸುತ್ತ ತಿರುಗುತ್ತಿದ್ದರೂ, ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ, ಉಪಚರಿಸುವವನಿಗೆ ಆ ಮನೆಯಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂಬಲ್ಲಿ.

ಉತ್ತರ ಕನ್ನಡದ ಕರಾವಳಿಯ ಮನೆಗಳಲ್ಲಿ ಈ ಸ್ವಾತಂತ್ರ್ಯ ಯಾರೂ ಕೊಡದೆ ಇದ್ದದ್ದು. ಬಂದವರು ಜಗಲಿ ಹತ್ತುವ ಮೊದಲು ಕಾಲಿಗೆ ಒಂದು ಚೊಂಬು ನೀರು, ಕೂತ ಮೇಲೆ ಬೆಲ್ಲದ ತುಂಡಿನೊಡನೆ ಕುಡಿಯುವ ನೀರು, ಆಮೇಲೆ ‘ಆಸ್ರಿಗೆ ಏನು?’ ಎಂಬ ಪ್ರಶ್ನೆ. ಆಸರು ಎಂದರೆ ಬಾಯಾರಿಕೆ. ಈ ಪ್ರಶ್ನೆಗೆ ಮಜ್ಜಿಗೆ, ಪಾನಕ, ಚಹಾ, ಏನು ಉತ್ತರ ಕೊಟ್ಟರೂ ನಡೆಯುತ್ತದೆ, ಬೇಡ ಎಂಬ ಉತ್ತರ ಮಾತ್ರ ನಡೆಯುವುದಿಲ್ಲ. ಹೋಟೆಲಿನ ಹೆಬ್ಬಾಗಿಲಲ್ಲಿ ತಟ್ಟೆಯ ಮೇಲೆ ಸಾಲಾಗಿ ಬರುವ ಮುರುಗಲು ಹಣ್ಣಿನ ಪಾನಕದ ಗಾಜಿನ ಲೋಟಗಳು ಇದೇ ಸಂಪ್ರದಾಯದ ಮೊಮ್ಮಕ್ಕಳು. ವ್ಯತ್ಯಾಸವೆಂದರೆ ಅಲ್ಲಿ ‘ಏನು?’ ಎಂಬ ಪ್ರಶ್ನೆ ಬಿಟ್ಟುಹೋಗಿ ಉತ್ತರ ಮಾತ್ರ ಮೊದಲೇ ತಯಾರಾಗಿ ಬರುತ್ತದೆ. ಮನೆಯ ಆಚೆಗಿನ ಪ್ರಯಾಣಿಕರಿಗೆ ಛತ್ರ, ಅರವಟ್ಟಿಗೆ, ಮಠದ ಬಿಡದಿಗಳಿದ್ದವು. ಅತಿಥಿ ಎಂಬ ಸಂಸ್ಕೃತ ಶಬ್ದವನ್ನು ಸಾಂಪ್ರದಾಯಿಕವಾಗಿ ತಿಥಿ ಇಲ್ಲದವನು, ಅಂದರೆ ದಿನ ಗೊತ್ತುಮಾಡದೆ ಬಂದವನು ಎಂದು ಬಿಡಿಸುತ್ತಾರೆ. ಮೂರು ತಿಂಗಳು ಮೊದಲೇ ಮುಂಗಡ ಕಟ್ಟಿ ದಿನ ಗೊತ್ತುಮಾಡಿಕೊಂಡು ಬರುವವನು ಈ ವ್ಯುತ್ಪತ್ತಿಗೆ ನೇರ ವಿರುದ್ಧ. ಕಾರವಾರದ ಕೊಂಕಣಿಯ ‘ಪಾವ್ಣೆ’ ಮತ್ತು ಹೋಟೆಲಿನ ‘ಗೆಸ್ಟ್’ ಒಂದೇ ಊರಿನಲ್ಲಿದ್ದರೂ ಬೇರೆಬೇರೆ ಜನ.

ಕರ್ನಾಟಕದಲ್ಲಿ ದುಬಾರಿ ತಂಗುಮನೆಯ ಚರಿತ್ರೆ ಆರಂಭವಾಗುವುದು ಪರಕೀಯರಿಗಾಗಿ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆಯ ಹತ್ತು ಕೊಠಡಿಗಳ ವಸತಿಗೃಹವಾಗಿ ಹುಟ್ಟಿತು. ಇಂದಿನ ಅಳತೆಯಲ್ಲಿ ಅದನ್ನು ಕಿರುಹೋಟೆಲು ಎಂದೇ ಕರೆಯಬೇಕು. ಮೈಸೂರಿನ ಲಲಿತ ಮಹಲು 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರಿಗೆಂದು, ಅರಮನೆಯ ಆಚಾರಗಳಿಗೆ ತೊಡಕಾಗದಂತೆ ಊರಾಚೆ, ಕಟ್ಟಿಸಿದ ಅತಿಥಿಗೃಹ. 1974ರಲ್ಲಿ ಅದು ಹೋಟೆಲಾಯಿತು. ಅತಿಥಿಯನ್ನು ಅತ್ಯಂತ ಗೌರವದಿಂದ ದೂರವಿಡುವ ಕಲೆಗೆ ಈ ಬಿಳಿಯ ಗುಮ್ಮಟಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದೇ ಮೈಸೂರಿನಲ್ಲಿ, ರಾಜಕುಮಾರಿಯರ ವಾಸಕ್ಕೆಂದು ಕಟ್ಟಿದ, ಒಂದು ಕಾಲಕ್ಕೆ ಪ್ರೀಮಿಯರ್ ಸ್ಟುಡಿಯೊ ಆಗಿದ್ದ ಚಿತ್ತರಂಜನ್ ಅರಮನೆ ಈಗ ಗ್ರೀನ್ ಹೋಟೆಲಾಗಿದ್ದು, ಲಾಭವನ್ನು ದತ್ತಿ ಕೆಲಸಗಳಿಗೆ ಕೊಡುವ ನಿಯಮದಲ್ಲಿ ನಡೆಯುತ್ತಿದೆ.

ಕಾರವಾರದ ಅತಿಥಿ ಸತ್ಕಾರದ ಅತಿ ಪ್ರಸಿದ್ಧ ದಾಖಲೆಯೂ ಹೊರಗಿನಿಂದ ಬಂದವರದೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಸುಮಾರು 1882ರಲ್ಲಿ, ರವೀಂದ್ರನಾಥ ಠಾಕೂರರು ಬಂದು ಉಳಿದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಇಲ್ಲಿಯೇ ರೂಪುಗೊಂಡಿತು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೊರಟು, ಶಿವಾಜಿಯ ಹಳೆಯ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಚೊಕ್ಕಟವಾಗಿಟ್ಟಿದ್ದ ಅಂಗಳದಲ್ಲಿ ಕುಳಿತು, ತಾವೇ ಕಟ್ಟಿಕೊಂಡು ಬಂದ ಬುತ್ತಿಯನ್ನು ಉಂಡು ಮರಳಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಂದಿನ ಐಷಾರಾಮಿ ಹೋಟೆಲು ಮಾರುವ ‘ನದಿ ವಿಹಾರ ಮತ್ತು ಬೆಳದಿಂಗಳೂಟ’ದ ಎಲ್ಲ ಅಂಗಗಳೂ ಅಲ್ಲಿವೆ: ದೋಣಿ, ಕೋಟೆ, ಚಂದ್ರ, ಹಳ್ಳಿಯ ಅಂಗಳ. ಆ ಅಂಗಳದ ಒಡೆಯನ ಹೆಸರಾಗಲಿ, ಅಪರಾತ್ರಿಯಲ್ಲಿ ಬಂದ ಜಡ್ಜ್ ಸಾಹೇಬರ ಮನೆಯವರನ್ನು ಕಂಡು ಆ ಮನೆಯ ಹೆಂಗಸರಿಗೆ ಏನನ್ನಿಸಿತೆಂಬುದಾಗಲಿ ಇಲ್ಲ. ಅತಿಥಿಯ ಅನುಭವ ಎಂಬ ಸಾಹಿತ್ಯ ಪ್ರಕಾರವೇ ಒಂದು ಬದಿಯದು. ಕವಿಯ ಕೈಯಲ್ಲಿ ಅದು ಕಾವ್ಯವಾಗುತ್ತದೆ, ಬೇರೆಯವರ ಕೈಯಲ್ಲಿ ಐದು ನಕ್ಷತ್ರಗಳಾಗುತ್ತದೆ, ಅಂಗಳ ಗುಡಿಸಿದವರು ಮಾತ್ರ ಎರಡರಲ್ಲೂ ಕಾಣುವುದಿಲ್ಲ.

ಸ್ವಾತಂತ್ರ್ಯಾನಂತರ ಕರ್ನಾಟಕ ಈ ವ್ಯಾಪಾರಕ್ಕೆ ಕೊಟ್ಟ ಸ್ವಂತ ಕೊಡುಗೆ ಸರ್ಕಾರಿ ವಲಯದಿಂದ ಬಂತೆಂಬುದು ಗಮನಿಸಬೇಕಾದ ಸಂಗತಿ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್, ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆಗೂಡಿ, ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಕಾರಾಪುರದಲ್ಲಿ ಕಬಿನಿ ರಿವರ್ ಲಾಡ್ಜನ್ನು ತೆರೆಯಿತು. ಕೊಠಡಿ, ಊಟ, ಸಫಾರಿ ಎಲ್ಲವೂ ಸೇರಿದ ಒಂದೇ ದರ. ಗೋಲ್ ಘರ್ ಎಂಬ ದುಂಡನೆಯ ಊಟದ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಊಟ. ಕಾಡನ್ನು ಬಲ್ಲ ಮಾರ್ಗದರ್ಶಕರೊಡನೆ ಹರಟೆ. ಬಹುಕಾಲ ಅಲ್ಲಿ ನೆಲೆಸಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಬಾಯಲ್ಲಿ ‘ಪಾಪಾ’, ಅತಿಥಿಗಳ ಪಾಲಿಗೆ ಆ ಮನೆಯ ಯಜಮಾನನೇ ಆಗಿದ್ದರು. ಸೋಫಾ, ಟೀವಿಗಳ ವಿಷಯದಲ್ಲಿ ಸಾಧಾರಣವೇ ಆಗಿದ್ದ ಈ ಲಾಡ್ಜು ಹೆಸರು ಮಾಡಿದ್ದು ಇಂಥ ಆತಿಥೇಯರಿಂದ. ಇದೇ ಸಂಸ್ಥೆ ಕಾಳಿ ನದಿಯ ಮುಖದಲ್ಲಿ, ಗಾಳಿಮರದ ತೋಪಿನ ನಡುವೆ ನಡೆಸುವ ದೇವಬಾಗದ ತಂಗುಮನೆ ಕಾರವಾರದ ಪ್ರವಾಸಕ್ಕೆ ಮಾದರಿಯಾಯಿತು.

ಖಾಸಗಿಯವರು ಈ ದಾರಿಯನ್ನು ವಿಸ್ತರಿಸಿದರು. ಕೊಡಗಿನ ಸಿದ್ದಾಪುರದ ಬಳಿಯ ಕಾಫಿ ತೋಟದಲ್ಲಿ ಆರಂಭವಾಗಿ ಮುಂದೆ ಇವಾಲ್ವ್ ಬ್ಯಾಕ್ ಎಂದು ಹೆಸರು ಬದಲಿಸಿಕೊಂಡ ಆರೆಂಜ್ ಕೌಂಟಿ, ಕಬಿನಿಯಲ್ಲಿ ಕುರುಬರ ಹಾಡಿಯನ್ನೂ ಹಂಪಿಯ ಬಳಿ ಕಮಲಾಪುರದಲ್ಲಿ ವಿಜಯನಗರದ ಕಟ್ಟಡಗಳನ್ನೂ ವಿನ್ಯಾಸಕ್ಕೆ ಎರವಲು ತಂದಿತು. ಕಾರವಾರ ತಾಲ್ಲೂಕಿನ ಚೆಂಡಿಯಾ ಗ್ರಾಮದಿಂದ ದಕ್ಷಿಣಕ್ಕೆ, ಗೋಕರ್ಣದ ಓಂ ಬೀಚಿನ ಮೇಲಿನ ಗುಡ್ಡದಲ್ಲಿ, ಕೊಚ್ಚಿ ಮೂಲದ ಸಿಜಿಎಚ್ ಅರ್ಥ್ ಸಂಸ್ಥೆ ಕಟ್ಟಿದ ಸ್ವಸ್ವರ ಯೋಗ, ಆಯುರ್ವೇದ, ಮೌನಗಳನ್ನು ಮುಂದಿಟ್ಟಿತು. ಬೇರೆಡೆ ಐಷಾರಾಮವೆಂದರೆ ಹೆಚ್ಚು ಕೊಡುವುದಾದರೆ ಇಲ್ಲಿ ಕಡಿಮೆ ಕೊಡುವುದು, ಅಂದರೆ ಗದ್ದಲವಿಲ್ಲ, ಅತಿಯಾದ ಊಟವಿಲ್ಲ, ಅವಸರವಿಲ್ಲ. ಬಡವನ ಮನೆಯಲ್ಲಿ ಕೊರತೆ ಎನಿಸಿಕೊಳ್ಳುವುದು ಬೆಲೆಚೀಟಿ ಅಂಟಿಸಿದಾಗ ಸಂಯಮವಾಗುತ್ತದೆ ಎಂದು ಕುಹಕಿಗಳು ಹೇಳಬಹುದು. ಹೇಳಿದರೆ ತಪ್ಪೇನೂ ಇಲ್ಲ, ಆದರೆ ಮೊಬೈಲಿನಿಂದ ಬಿಡುಗಡೆಗೆ ಹಣ ಕೊಡಲು ಜನ ಸಿದ್ಧರಿದ್ದಾರೆ ಎಂಬ ಸತ್ಯವೂ ಅಷ್ಟೇ ಗಟ್ಟಿ.

ಈ ಎಲ್ಲ ಕಡೆ ಹಣದ ದೊಡ್ಡ ಪಾಲು ಹೋಗುವುದು ಜಾಗಕ್ಕೆ, ಅದರಲ್ಲೂ ಕಿಟಕಿಯಾಚೆಯ ನೋಟಕ್ಕೆ. ಕಡಲಿನ ನೋಟದ ಪ್ರಶ್ನೆ ಚೆಂಡಿಯಾದಲ್ಲಿ ಬೇರೆಡೆಗಿಂತ ತೀಕ್ಷ್ಣ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಗ್ರಾಮಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆಗಳನ್ನು ಬಿಟ್ಟುಕೊಟ್ಟವು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅರ್ಗಾ, ಚೆಂಡಿಯಾ ಸುತ್ತಿನಲ್ಲಿ ಊರಿಗೂ ಕಡಲಿಗೂ ನಡುವೆ ಇಂದು ನೌಕಾನೆಲೆಯ ಬೇಲಿ ನಿಂತಿದೆ. ಹೆದ್ದಾರಿ 66ರಲ್ಲಿ ಗೋವಾದ ಕಡೆ ಹೋಗುವ ಪ್ರವಾಸಿಗೆ ಇದು ಹಸಿರು ಗುಡ್ಡಗಳ ನಡುವಿನ ಒಂದು ದಾರಿ. ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದ ಮನೆಗಳಿಗೆ ಕಡಲಿನ ನೋಟವೆಂಬುದು ಪ್ರವಾಸಿ ಪುಸ್ತಿಕೆಯ ಮಾತಲ್ಲ. ಕಡಲು ಹಿಂದೆ ಸರಿದ ಚೆಂಡಿಯಾಕ್ಕೆ ಉಳಿದ ಆಕರ್ಷಣೆ ಬೆನ್ನಿಗಿರುವ ಘಟ್ಟ, ಮಳೆಗಾಲ ಮುಗಿಯುತ್ತಿದ್ದಂತೆ ಜನ ಹುಡುಕಿಕೊಂಡು ಬರುವ ನಾಗರಮಡಿ ಜಲಪಾತ.

ಬೇಲಿಯಿಲ್ಲದ ಕಡೆಗಳಲ್ಲಿ ಕಡಲಂಚಿಗೆ ಕಾನೂನಿನ ಅಡ್ಡಿಯಿದೆ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಜನ ಸಿಆರ್‌ಜೆಡ್ ಎಂದು ಕರೆಯುವ ನಿಯಮ, ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನವರೆಗೆ ಹೊಸ ಕಟ್ಟಡವನ್ನು ತಡೆಯಿತು. 2019ರ ಪರಿಷ್ಕರಣೆ ಜನವಸತಿ ದಟ್ಟವಾಗಿರುವ ಹಳ್ಳಿಗಳಲ್ಲಿ ಇದನ್ನು 50 ಮೀಟರಿಗೆ ಇಳಿಸಿತು. ಕಾಡಿನಲ್ಲಿ ಇಂಥದೇ ಪ್ರಶ್ನೆ ಇನ್ನೂ ಕಠಿಣವಾಗಿ ಬಂದಿತ್ತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ತಾಜ್ ಸಮೂಹದ ವಸತಿಗೃಹಕ್ಕೆ ಅರಣ್ಯ ಭೂಮಿಯನ್ನು ಗುತ್ತಿಗೆ ಕೊಟ್ಟಾಗ, ಕಾಡಿನಿಂದ ತಮ್ಮನ್ನು ಹೊರಹಾಕುತ್ತಿರುವಾಗಲೇ ಪ್ರವಾಸಿಗೆ ಒಳಗೆ ಹಾಸಿಗೆ ಹಾಸುವುದು ಯಾವ ನ್ಯಾಯ ಎಂದು ಆದಿವಾಸಿಗಳು ಬೀದಿಗಿಳಿದರು, ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು, ಕೇಂದ್ರದ ಪೂರ್ವಾನುಮತಿಯಿಲ್ಲದ ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪು ಬಂತು. ಅತಿಥಿಯ ಅನುಭವದ ಅಧ್ಯಯನಗಳು ಸಾಮಾನ್ಯವಾಗಿ ಈ ತೀರ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು, ಏಕೆಂದರೆ ನೋಟಕ್ಕೆ ಯಾರು ಏನು ಬಿಟ್ಟುಕೊಟ್ಟರೆಂಬುದು ಕೊಠಡಿಯ ಬೆಲೆಯಲ್ಲಿ ಸೇರಿರುವುದಿಲ್ಲ.

ಸ್ಥಳೀಯತೆಯನ್ನು ಮಾರುವ ಹೋಟೆಲಿಗೆ ಇನ್ನೊಂದು ತೊಡಕಿದೆ. ಪ್ರವಾಸಿಗೆ ಊರಿನ ಒಳಬಾಳನ್ನು ಕಾಣುವ ಆಸೆ, ಊರಿಗೆ ಅದನ್ನು ಕಾಪಾಡಿಕೊಳ್ಳುವ ಅಗತ್ಯ; ಇವೆರಡರ ನಡುವೆ ಒಳಬಾಳಿನಂತೆಯೇ ಕಾಣುವ ಒಂದು ರಂಗಸಜ್ಜಿಕೆ ಹುಟ್ಟುತ್ತದೆ ಎಂದು ಸಮಾಜಶಾಸ್ತ್ರಜ್ಞ ಡೀನ್ ಮೆಕ್ಯಾನೆಲ್ 1970ರ ದಶಕದಲ್ಲಿ ವಿವರಿಸಿದರು. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇದಕ್ಕೆ ಹತ್ತಿರದ ನಿದರ್ಶನ. ಹೋಳಿಯ ಸುತ್ತಿನ ದಿನಗಳಲ್ಲಿ, ಬಣ್ಣದ ತುರಾಯಿ ಕಟ್ಟಿ, ಊರೂರು ಸುತ್ತಿ ಕುಣಿಯುವ ಈ ಕುಣಿತಕ್ಕೆ ಕಾಲವಿದೆ, ಕಟ್ಟಳೆಯಿದೆ; ಡಿಸೆಂಬರಿನ ಪ್ರವಾಸಿ ಹಂಗಾಮಿನಲ್ಲಿ ಹುಲ್ಲುಹಾಸಿನ ಮೇಲೆ ಇಪ್ಪತ್ತು ನಿಮಿಷಕ್ಕೆ ಕತ್ತರಿಸಿ ಕುಣಿಸಿದಾಗ ಉಳಿಯುವುದು ತುರಾಯಿ ಮಾತ್ರ. ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದುದು ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡದ್ದಕ್ಕೆ. ಆ ಹಾಡುಗಳ ಜೀವ ಇರುವುದು ನೆಟ್ಟಿ, ಮದುವೆ, ಬೀಸುವ ಕಲ್ಲುಗಳ ಜೊತೆಯಲ್ಲಿ. ಹಾಗೆಂದು ಕಲಾವಿದರಿಗೆ ಸಿಗುವ ಸಂಭಾವನೆಯನ್ನು ಶುದ್ಧಿಯ ಹೆಸರಿನಲ್ಲಿ ತಪ್ಪಿಸುವುದೂ ಅನ್ಯಾಯವೇ. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬ ತೀರ್ಮಾನ ಕುಣಿಯುವವರ ಕೈಯಲ್ಲಿದ್ದರೆ ಅರ್ಧ ತೊಡಕು ಕಳೆಯುತ್ತದೆ.

ಊಟದಲ್ಲಿ ಈ ನಾಟಕ ಅಷ್ಟು ನಡೆಯುವುದಿಲ್ಲ, ನಾಲಗೆಗೆ ತಾಜಾತನ ತಕ್ಷಣ ಗೊತ್ತಾಗುತ್ತದೆ. ಜುಮ್ಮನಕಾಯಿ ಹಾಕಿದ ಬಂಗಡೆಯ ಸಾರು, ಕನ್ನಡದಲ್ಲಿ ಬಳಚು ಎಂದೂ ಕೊಂಕಣಿಯಲ್ಲಿ ತಿಸ್ರೆ ಎಂದೂ ಕರೆಯುವ ಚಿಪ್ಪುಮೀನಿನ ಸುಕ್ಕ, ಕುಚ್ಚಲಕ್ಕಿ ಅನ್ನ, ಮುರುಗಲಿನ ಸೋಲ್‌ಕಡಿ: ಕಾರವಾರದ ಸಣ್ಣ ಖಾನಾವಳಿಗಳಲ್ಲಿ ಸಿಗುವ ಈ ಊಟವನ್ನು ಹಲವು ದುಬಾರಿ ಅಡಿಗೆಮನೆಗಳು ಖಾರ ತಗ್ಗಿಸಿ, ಮುಳ್ಳು ತೆಗೆದು, ಬಿಳಿ ತಟ್ಟೆಯ ನಡುವೆ ಒಂದು ಮುಷ್ಟಿಯಷ್ಟು ಇಟ್ಟು ಕೊಡುತ್ತವೆ. ಮುಳ್ಳು ಬಿಡಿಸಿಕೊಂಡು ತಿನ್ನುವ ನಿಧಾನವೇ ಮೀನೂಟದ ರುಚಿಯಲ್ಲಿ ಅರ್ಧ ಎಂದು ಬಲ್ಲ ಕರಾವಳಿಯವರಿಗೆ ಇದು ನಗು ತರಿಸುವ ಸಂಗತಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲಾದ ಕರಿ ಇಶಾಡ ಮಾವು ಇಲ್ಲಿ ಬೇರೆಯೇ ಪಾಠ ಹೇಳುತ್ತದೆ. ತೆಳು ಸಿಪ್ಪೆಯ, ಹಣ್ಣಾದ ಮೇಲೆ ಹೆಚ್ಚು ದಿನ ತಾಳದ ಈ ಮಾವು ದೂರದ ಮಾರುಕಟ್ಟೆಗೆ ಪ್ರಯಾಣ ಮಾಡಲಾರದು. ತಿನ್ನಬೇಕಾದವರೇ ಮೇ ತಿಂಗಳಿನಲ್ಲಿ ಬರಬೇಕು. ಹಣವಿದ್ದೂ ಮುಂಬಯಿಯಲ್ಲಿ ಕೂತು ಕೊಳ್ಳಲಾಗದ ಇಂಥ ವಸ್ತುವೇ ಐಷಾರಾಮ ಎಂಬ ಶಬ್ದಕ್ಕೆ ನ್ಯಾಯವಾಗಿ ಸಲ್ಲುವಂಥದು.

ಇನ್ನು ಕೆಲಸಗಾರರ ವಿಷಯ. ನಗುಮುಖವೂ ಸಂಬಳದ ಕೆಲಸದ ಭಾಗವಾದಾಗ, ಒಳಗಿನ ಭಾವವನ್ನು ಅದುಮಿ ಹೊರಗಿನ ಭಾವವನ್ನು ತಯಾರಿಸುವುದೂ ದುಡಿಮೆಯೇ ಎಂದು ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿ ತೋರಿಸಿದರು. ಇದನ್ನು ಭಾವಶ್ರಮ ಎನ್ನಬಹುದು. ನೂರು ಕೊಠಡಿಗಳ ಹೋಟೆಲಿನಲ್ಲಿ ಅಡಗಿಕೊಳ್ಳಲು ಕಾರಿಡಾರುಗಳಿವೆ, ಎಂಟು ಕೊಠಡಿಗಳ ಮನೆಯಲ್ಲಿ ಅದೇ ಹುಡುಗ ಬೆಳಿಗ್ಗೆ ಚಹಾ ತಂದು, ಮಧ್ಯಾಹ್ನ ದೋಣಿ ಹತ್ತಿಸಿ, ರಾತ್ರಿ ಸೊಳ್ಳೆಪರದೆ ಇಳಿಸಬೇಕಾದ್ದರಿಂದ ಅವನ ಮುಖಕ್ಕೆ ಬಿಡುವೇ ಇಲ್ಲ. ಕಾರವಾರ, ಅಂಕೋಲಾಗಳ ಯುವಕರು ಹೋಟೆಲು ಕೆಲಸಕ್ಕೆಂದು ಗೋವಾಕ್ಕೆ ಹೋಗುವುದು ಹಳೆಯ ರೂಢಿ. ಗಡಿ ಹತ್ತಿರ, ಭಾಷೆ ಕೊಂಕಣಿ, ಸಂಬಳವೂ ಮೇಲು. ಹಾಗಾಗಿ ಊರಿನ ಗುಣವನ್ನು ಮಾರಹೊರಟ ಇಲ್ಲಿನ ಮನೆಗಳು ಎಷ್ಟೋ ಸಲ ದೂರದ ರಾಜ್ಯಗಳಿಂದ ಬಂದ ಕೆಲಸಗಾರರ ಬಾಯಿಂದ ಊರಿನ ಪರಿಚಯ ಮಾಡಿಸಬೇಕಾಗುತ್ತದೆ. ಅವರೂ ವಿನಯವಂತರೇ, ದಕ್ಷರೇ. ಆದರೆ ನಾಗರಮಡಿಗೆ ಯಾವ ತಿಂಗಳು ಹೋಗಬಾರದು, ಇವತ್ತಿನ ಬಂಗಡೆ ನಿನ್ನೆಯದೋ ಇಂದಿನದೋ ಎಂಬಂಥ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಲದು. ಸ್ಥಳೀಯರಿಗೆ ಹೆಚ್ಚು ಸಂಬಳ ಕೊಟ್ಟು ಉಳಿಸಿಕೊಳ್ಳುವುದು ದಾನಧರ್ಮವಾಗದೆ ಸರಕಿನ ಗುಣಕ್ಕೆ ಹಾಕುವ ಬಂಡವಾಳವಾಗುವುದು ಇಲ್ಲಿಯೇ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮಳೆಗಾಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಪಟ್ಟಿಯಲ್ಲಿ ಜೂನ್ ಬಂತೆಂದರೆ ಚಿರೆಕಲ್ಲಿನ ಗೋಡೆ ನೀರು ಕುಡಿಯುತ್ತದೆ, ಮರದ ಬಾಗಿಲು ಉಬ್ಬಿ ಹಾಕಲು ಬಾರದಾಗುತ್ತದೆ, ಬಟ್ಟೆ ಒಣಗುವುದಿಲ್ಲ, ಚರ್ಮದ ಚೀಲಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ತಿಳಿಯದು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದ ಮೇಲೆ, ಮತ್ತು ಮೂರೇ ವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದ ಮೇಲೆ, ದಾರಿಯ ಭರವಸೆಯೂ ಅನುಭವದ ಲೆಕ್ಕಕ್ಕೆ ಸೇರಿತು. ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಈ 61 ದಿನ ಬೋಟುಗಳು ದಡಕ್ಕೆ ಕಟ್ಟಿಹಾಕಿಕೊಳ್ಳುತ್ತವೆ. ಪ್ರವಾಸಿಗಳಿಗೆ ಡಾಲ್ಫಿನ್ ತೋರಿಸುವ ದೋಣಿಯವರೂ ಬಲೆ ಹೆಣೆಯುತ್ತ ಕೂರುತ್ತಾರೆ. ಕೆಲವು ತಂಗುಮನೆಗಳು ಆಗ ಬಾಗಿಲು ಮುಚ್ಚಿದರೆ, ಕೆಲವು ದರ ಇಳಿಸಿ ಮಳೆಯನ್ನೇ ಮಾರುತ್ತವೆ. ಮಳೆಯಲ್ಲಿ ಬರುವ ಅತಿಥಿಗೆ ಸಿಗುವುದು ಹೊಳೆಮೀನು, ಒಣಮೀನಿನ ಚಟ್ನಿ, ಬಿಸಿ ಗಂಜಿ, ಕಷಾಯ, ಹೆಂಚಿನ ಮೇಲೆ ಇಡೀ ರಾತ್ರಿ ಬಡಿಯುವ ಸದ್ದು, ಮತ್ತು ಬೇರೆ ಕೆಲಸವಿಲ್ಲದ್ದರಿಂದ ಬಳಿ ಬಂದು ಕೂತು ಮಾತಾಡುವಷ್ಟು ಪುರುಸೊತ್ತಿರುವ ಅಡಿಗೆಯವರು. ನೂಲ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಬೋಟುಗಳನ್ನು ಇಳಿಸುತ್ತಾರೆ, ಊಟದ ಪಟ್ಟಿಗೆ ತಾಜಾ ಬಂಗಡೆ ಮರಳಿ ಬರುತ್ತದೆ, ಕೊಠಡಿಯ ದರವೂ ಅದರ ಹಿಂದೆಯೇ ಏರುತ್ತದೆ.